ಪರದೇಶದ ಹಣ, ನಮ್ಮ ಕೈಯ ಲೆಕ್ಕ

(ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ನೀಡಿದ ಮಾಹಿತಿ ಭಾಷಣದ ಬರಹ ರೂಪ)



ಇಂದಿನ ವಿಷಯ ಕೇಳಿ ಕೆಲವರು ಆಗಲೇ ನಕ್ಕಿದ್ದೀರಿ. "ಪೇಟೆಗೆ ಹೋಗಲು ಬಸ್ಸಿನ ಚಿಲ್ಲರೆ ಹುಡುಕುವವರು ನಾವು, ನಮಗೆ ಡಾಲರು ದಿರ್ಹಮು ಯಾಕೆ?" ಅಂತ ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು. ಸರಿ, ಒಂದು ಸಣ್ಣ ಗಣತಿ ಮಾಡೋಣ. ಮಗ, ಮಗಳು, ಗಂಡ, ತಮ್ಮ, ನಾದಿನಿ – ಹೀಗೆ ಮನೆಯವರು ಯಾರಾದರೂ ಗಲ್ಫಿನಲ್ಲಿ ಇರುವವರು ಕೈ ಎತ್ತಿ. ನೋಡಿ, ಅರ್ಧಕ್ಕಿಂತ ಹೆಚ್ಚು ಕೈಗಳು ಮೇಲಿವೆ. ಮಗಳ ಬಾಣಂತನಕ್ಕೆಂದು ವಿಸಿಟ್ ವೀಸಾದಲ್ಲಿ ಹೋಗಿ ಬಂದವರೂ ಇದ್ದೀರಿ. ಮನೆಕೆಲಸಕ್ಕೆ ಹೋಗಿ ನಾಲ್ಕು ವರ್ಷ ದುಡಿದು ಬಂದವರೂ ಇದ್ದೀರಿ. ಮುಂದಿನ ತಿಂಗಳು ಹೊರಡುವವರು ಇಬ್ಬರಿದ್ದಾರೆ ಅಂತ ನಮಗೆ ಗೊತ್ತು. ಹಾಗಾಗಿ ಇದು ದೊಡ್ಡವರ ವಿಷಯವಲ್ಲ, ನಮ್ಮದೇ ವಿಷಯ.

ವಾರಕ್ಕೆ ಇಪ್ಪತ್ತು, ಐವತ್ತು ರೂಪಾಯಿ ಉಳಿತಾಯ ಕಟ್ಟಿ, ನಡಾವಳಿ ಪುಸ್ತಕದಲ್ಲಿ ಪೈಸೆ ಪೈಸೆಗೆ ಲೆಕ್ಕ ಬರೆಯುವವರು ನಾವು. ಆದರೆ ನೋಟಿನ ಬಣ್ಣ ಬದಲಾದ ಕೂಡಲೇ ನಮ್ಮ ಲೆಕ್ಕ ತಪ್ಪುತ್ತದೆ. ಯಾಕೆ ತಪ್ಪುತ್ತದೆ, ತಪ್ಪದಂತೆ ಏನು ಮಾಡಬೇಕು ಎಂಬುದನ್ನು ಇಂದು ನೋಡೋಣ.

ನಮ್ಮ ರೂಪಾಯಿ ಅಲ್ಲೂ ಓಡುತ್ತಿತ್ತು

ಮೊದಲು ಒಂದು ಹಳೆಯ ಸಂಗತಿ. ಒಂದು ಕಾಲದಲ್ಲಿ ಗಲ್ಫಿನ ಅಂಗಡಿಗಳಲ್ಲಿ ನಮ್ಮ ರೂಪಾಯಿಯೇ ಓಡುತ್ತಿತ್ತು. ಅಲ್ಲಿಂದ ಚಿನ್ನದ ಕಳ್ಳಸಾಗಣೆ ಹೆಚ್ಚಿದ್ದರಿಂದ 1959ರಲ್ಲಿ ಆ ದೇಶಗಳಿಗೆಂದೇ ಬೇರೆ ಬಣ್ಣದ ನೋಟು ಅಚ್ಚು ಹಾಕಿದರು. ಅದಕ್ಕೆ ಗಲ್ಫ್ ರೂಪಾಯಿ ಎಂದು ಹೆಸರಾಯಿತು. 1961ರಲ್ಲಿ ಕುವೈತ್ ತನ್ನದೇ ದಿನಾರ್ ತಂದಿತು, 1965ರಲ್ಲಿ ಬಹ್ರೇನ್ ತಂದಿತು. 1966ರ ಜೂನ್‌ನಲ್ಲಿ ನಮ್ಮ ಸರಕಾರ ರೂಪಾಯಿಯ ಬೆಲೆ ಇಳಿಸಿತು. ಒಂದು ಡಾಲರಿಗೆ 4 ರೂಪಾಯಿ 76 ಪೈಸೆ ಇದ್ದದ್ದು ಒಂದೇ ದಿನದಲ್ಲಿ 7 ರೂಪಾಯಿ 50 ಪೈಸೆ ಆಯಿತು. ಕೈಯಲ್ಲಿದ್ದ ಹಣದ ಬೆಲೆ ಹೀಗೆ ಬಿದ್ದಾಗ ಯಾರು ಸುಮ್ಮನಿರುತ್ತಾರೆ? ಉಳಿದ ದೇಶಗಳೂ ಒಂದೊಂದಾಗಿ ರೂಪಾಯಿ ಬಿಟ್ಟವು. ಓಮಾನಿನಲ್ಲಿ ಮಾತ್ರ 1970ರವರೆಗೆ ಉಳಿದಿತ್ತು. ಅಲ್ಲಿನ ಚಿಲ್ಲರೆಗೆ ಇಂದಿಗೂ 'ಬೈಸ' ಎನ್ನುತ್ತಾರೆ. ಅದು ನಮ್ಮ ಪೈಸೆಯೇ!

ಈ ಕತೆಯಿಂದ ಕಲಿಯಬೇಕಾದದ್ದು ಇಷ್ಟು: ನೋಟಿನ ಬೆಲೆ ಸ್ಥಿರವಲ್ಲ. ಯುಎಇಯ ದಿರ್ಹಮ್ 1997ರಿಂದ ಒಂದು ಡಾಲರಿಗೆ 3.6725ರಂತೆ ಕಟ್ಟಿಹಾಕಿದಂತೆ ನಿಂತಿದೆ. ಸೌದಿಯ ರಿಯಾಲ್ 1986ರಿಂದ 3.75ರಲ್ಲಿ ನಿಂತಿದೆ. ನಮ್ಮ ರೂಪಾಯಿ ಹಾಗಲ್ಲ, ಏರಿಳಿಯುತ್ತದೆ. 2025ರ ಡಿಸೆಂಬರಿನಲ್ಲಿ ಡಾಲರಿಗೆ 90 ರೂಪಾಯಿ ದಾಟಿತು. ರೂಪಾಯಿ ಬಿದ್ದರೆ ಅಲ್ಲಿಂದ ಹಣ ಕಳುಹಿಸುವ ಮಗನಿಗೆ ಲಾಭ, ಇಲ್ಲಿಂದ ಹಣ ಕೊಂಡು ಹೊರಡುವ ತಾಯಿಗೆ ನಷ್ಟ. ಒಂದೇ ಮನೆಯಲ್ಲಿ ಎರಡು ಲೆಕ್ಕ!

ಬೋರ್ಡಿನ ಎರಡು ರೇಟು

ಹಣ ಬದಲಾಯಿಸುವ ಅಂಗಡಿಯಲ್ಲಿ ಒಂದು ಬೋರ್ಡು ಇರುತ್ತದೆ. ಪ್ರತಿ ದೇಶದ ಹಣದ ಮುಂದೆ ಎರಡು ರೇಟು. ಒಂದು ಬೈಯಿಂಗ್, ಇನ್ನೊಂದು ಸೆಲ್ಲಿಂಗ್. ಇಲ್ಲಿ ತುಂಬ ಮಂದಿ ಗೊಂದಲಕ್ಕೆ ಬೀಳುತ್ತಾರೆ. ನಾವು ಕೊಳ್ಳಲು ಹೋದವರು, ಹಾಗಾಗಿ ಬೈಯಿಂಗ್ ರೇಟು ನಮ್ಮದು ಅಂದುಕೊಳ್ಳುತ್ತೇವೆ. ಅಲ್ಲ. ಬೋರ್ಡು ಅಂಗಡಿಯವನದ್ದು. ಅವನು ಕೊಳ್ಳುವುದು ಬೈಯಿಂಗ್, ಅವನು ಮಾರುವುದು ಸೆಲ್ಲಿಂಗ್. ನಮಗೆ ದಿರ್ಹಮ್ ಬೇಕಾದರೆ ಅವನ ಸೆಲ್ಲಿಂಗ್ ರೇಟು ಕೊಡಬೇಕು. ಅದು ಯಾವಾಗಲೂ ಹೆಚ್ಚು.

ಲೆಕ್ಕಕ್ಕೆ ಹೀಗೆ ಹಿಡಿಯೋಣ. ದಿರ್ಹಮಿಗೆ ಸೆಲ್ಲಿಂಗ್ 25 ರೂಪಾಯಿ, ಬೈಯಿಂಗ್ 23 ರೂಪಾಯಿ. ನೀವು 10,000 ರೂಪಾಯಿ ಕೊಟ್ಟು 400 ದಿರ್ಹಮ್ ತಂದಿರಿ. ಮರುದಿನ ಪ್ರಯಾಣ ರದ್ದಾಯಿತು, ಅದೇ 400 ದಿರ್ಹಮ್ ಅದೇ ಅಂಗಡಿಗೆ ಕೊಟ್ಟಿರಿ. ಕೈಗೆ ಬಂದದ್ದು 9,200. ಒಂದು ಚಹಾ ಕೂಡ ಕುಡಿಯಲಿಲ್ಲ, 800 ರೂಪಾಯಿ ಹೋಯಿತು. "ನಮ್ಮಲ್ಲಿ ಕಮಿಷನ್ ಇಲ್ಲ" ಎಂದು ದೊಡ್ಡದಾಗಿ ಬರೆದಿರುತ್ತಾರಲ್ಲ, ಕಮಿಷನ್ ಇರುವುದೇ ಈ ಎರಡು ರೇಟಿನ ನಡುವೆ. ಅದಕ್ಕೇ ಹೇಳುವುದು, ಬೇಕಾದಷ್ಟೇ ಕೊಳ್ಳಿ. ಎರಡು ಮೂರು ಕಡೆ ಕೇಳಿ ಕೊಳ್ಳಿ. ಮೀನು ಕೊಳ್ಳುವಾಗ ನಾಲ್ಕು ಬುಟ್ಟಿ ನೋಡುವ ನಾವು ಇಲ್ಲಿ ಯಾಕೆ ನಾಚಬೇಕು? "ಎಲ್ಲ ಸೇರಿ 30,000 ರೂಪಾಯಿಗೆ ನನ್ನ ಕೈಗೆ ಎಷ್ಟು ದಿರ್ಹಮ್ ಕೊಡ್ತೀರಿ?" ಅಂತ ಒಂದೇ ಪ್ರಶ್ನೆ ಕೇಳಿದರೆ ಸಾಕು, ಎಲ್ಲ ಮರೆಯಾದ ಖರ್ಚೂ ಹೊರಗೆ ಬರುತ್ತದೆ. ವಿಮಾನ ನಿಲ್ದಾಣದ ಕೌಂಟರಿನಲ್ಲಿ ಸಾಮಾನ್ಯವಾಗಿ ಪೇಟೆಗಿಂತ ಕಡಿಮೆ ಸಿಗುತ್ತದೆ. ಅಲ್ಲಿಗೆ ಬಂದವರು ಅವಸರದಲ್ಲಿರುತ್ತಾರೆ ಎಂದು ಅವರಿಗೆ ಗೊತ್ತು.

ಇನ್ನೊಂದು ತಪ್ಪು, ಎರಡು ಸಲ ಬದಲಾಯಿಸುವುದು. ದುಬೈಗೆ ಹೋಗುವವರು ಡಾಲರ್ ಕೊಂಡು ಹೋಗುತ್ತಾರೆ. 30,000 ರೂಪಾಯಿಗೆ 25ರಂತೆ ನೇರವಾಗಿ ದಿರ್ಹಮ್ ಕೊಂಡರೆ 1,200 ಸಿಗುತ್ತದೆ. ಅದೇ 30,000ಕ್ಕೆ 92ರಂತೆ ಡಾಲರ್ ಕೊಂಡರೆ 326 ಡಾಲರ್. ಅಲ್ಲಿಯ ಕೌಂಟರಿನವನು ಡಾಲರಿಗೆ 3.60ರಂತೆ ಕೊಟ್ಟ ಅಂದ್ರೆ 1,174 ದಿರ್ಹಮ್. 26 ದಿರ್ಹಮ್, ಅಂದರೆ 650 ರೂಪಾಯಿ, ದಾರಿಯಲ್ಲೇ ಕರಗಿತು. ನಮ್ಮೂರ ಪೇಟೆಯಲ್ಲಿ ಗಲ್ಫಿನ ನೋಟು ಸುಲಭವಾಗಿ ಸಿಗುವಾಗ ನೇರವಾಗಿ ಅದನ್ನೇ ಕೊಳ್ಳಿ. ಇಲ್ಲಿ ಸಿಗದ ನೋಟಿನ ದೇಶಕ್ಕೆ ಹೋಗುವಾಗ ಮಾತ್ರ ಡಾಲರ್ ಒಯ್ಯುವುದು ಒಳ್ಳೆಯದು.

ಎಲ್ಲಿ ಕೊಳ್ಳಬೇಕು? ಎಷ್ಟು ಒಯ್ಯಬಹುದು?

ಬ್ಯಾಂಕಿನಲ್ಲಿ ಅಥವಾ ರಿಸರ್ವ್ ಬ್ಯಾಂಕಿನ ಪರವಾನಗಿ ಇರುವ ಮನಿ ಚೇಂಜರ್ ಬಳಿ ಮಾತ್ರ ಕೊಳ್ಳಬೇಕು. ಪರವಾನಗಿ ಪತ್ರವನ್ನು ಅಂಗಡಿಯಲ್ಲಿ ಕಾಣುವಂತೆ ತೂಗುಹಾಕಿರುತ್ತಾರೆ. ಕಾಣದಿದ್ದರೆ ಕೇಳಿ. ಪಾಸ್‌ಪೋರ್ಟ್, ವೀಸಾ, ಟಿಕೆಟ್, ಪ್ಯಾನ್ ಕಾರ್ಡ್ ಕೊಂಡುಹೋಗಿ. "ಅದೆಲ್ಲ ಏನೂ ಬೇಡ ಅಕ್ಕ, ಹಣ ಕೊಡಿ ಸಾಕು" ಎನ್ನುವ ಅಂಗಡಿ ನಮಗೆ ಬೇಡ.

ನೆನಪಿಡಬೇಕಾದ ಲೆಕ್ಕಗಳು ಇವು:

1. ಪ್ರಯಾಣದ ದಿನಕ್ಕಿಂತ 60 ದಿನ ಮೊದಲಿನಿಂದ ಕೊಳ್ಳಬಹುದು. ಅದಕ್ಕಿಂತ ಮೊದಲು ಇಲ್ಲ.

2. ರೂಪಾಯಿಯನ್ನು ನಗದಾಗಿ ಕೊಟ್ಟು ಕೊಳ್ಳುವುದಾದರೆ 50,000ದವರೆಗೆ ಮಾತ್ರ. ಅದಕ್ಕಿಂತ ಹೆಚ್ಚಾದರೆ ಚೆಕ್ಕು ಅಥವಾ ಬ್ಯಾಂಕ್ ಖಾತೆಯ ಮೂಲಕ ಕೊಡಬೇಕು.

3. ಗಲ್ಫಿನಂಥ ಹೆಚ್ಚಿನ ದೇಶಗಳಿಗೆ ಒಂದು ಪ್ರಯಾಣಕ್ಕೆ 3,000 ಡಾಲರ್ ಬೆಲೆಯವರೆಗೆ ವಿದೇಶಿ ನೋಟು ಒಯ್ಯಬಹುದು. ಉಳಿದದ್ದು ಫಾರೆಕ್ಸ್ ಕಾರ್ಡ್ ಮುಂತಾದ ರೂಪದಲ್ಲಿ. ನಮ್ಮಂಥವರಿಗೆ ಇದು ಬೇಕಾದ್ದಕ್ಕಿಂತ ಹೆಚ್ಚೇ.

4. ಭಾರತದ ರೂಪಾಯಿ ಒಬ್ಬರು 25,000ದವರೆಗೆ ಜೊತೆಗೆ ಒಯ್ಯಬಹುದು, ಹಿಂದೆ ಬರುವಾಗಲೂ ಅಷ್ಟೇ ತರಬಹುದು.

5. ಬದಲಾವಣೆಯ ಮೇಲೆ ಜಿಎಸ್‌ಟಿ ಇದೆ. 25,000 ರೂಪಾಯಿವರೆಗೆ 45 ರೂಪಾಯಿ, 30,000ಕ್ಕೆ 54 ರೂಪಾಯಿ, ಒಂದು ಲಕ್ಷಕ್ಕೆ 180 ರೂಪಾಯಿ. ಇದಕ್ಕಿಂತ ಹೆಚ್ಚು 'ಟ್ಯಾಕ್ಸ್' ಅಂತ ಕೇಳಿದರೆ ಬಿಲ್ಲು ತೋರಿಸಿ ಎನ್ನಿ.

ಬಿಲ್ಲು ಬಿಡಬೇಡಿ. ಪಾಸ್‌ಪೋರ್ಟಿನ ಜೊತೆಯೇ ಇಟ್ಟುಕೊಳ್ಳಿ. ಕೊಟ್ಟ ನೋಟುಗಳನ್ನು ಕೌಂಟರಿನಲ್ಲಿ ನಿಂತೇ ಎಣಿಸಿ. ಹರಿದದ್ದು, ಪೆನ್ನಿನಲ್ಲಿ ಬರೆದದ್ದು, ಟೇಪು ಹಚ್ಚಿದ್ದು ಇದ್ದರೆ ಅಲ್ಲೇ ಬದಲಾಯಿಸಿಕೊಳ್ಳಿ. ಅಂಥ ನೋಟನ್ನು ಅಲ್ಲಿ ತೆಗೆದುಕೊಳ್ಳದೆ ಕೈಗೆ ವಾಪಸು ಕೊಡುತ್ತಾರೆ. ಸ್ವಲ್ಪ ಸಣ್ಣ ನೋಟು ಕೇಳಿ ಪಡೆಯಿರಿ. ಇಳಿದ ಕೂಡಲೇ ನೀರಿಗೆ, ಟ್ಯಾಕ್ಸಿಗೆ ಬೇಕಾಗುವುದು ಅದೇ.

ಹೊರಡುವ ದಿನ

ಹಣವನ್ನು ಲಗೇಜಿಗೆ ಹಾಕಿ ಕಳುಹಿಸಬೇಡಿ. ಎಲ್ಲವನ್ನೂ ಒಂದೇ ಪರ್ಸಿನಲ್ಲೂ ಇಡಬೇಡಿ. ಎರಡು ಭಾಗ ಮಾಡಿ. ಒಂದು ಭಾಗ ಬಟ್ಟೆಯೊಳಗೆ ಹೊಲಿದ ಕಿಸೆಯಲ್ಲಿ, ಇನ್ನೊಂದು ಕೈಚೀಲದಲ್ಲಿ. ನಮ್ಮಲ್ಲಿ ಹೊಲಿಗೆ ಬರುವವರು ಎಷ್ಟು ಮಂದಿ ಇದ್ದೀರಿ, ಒಂದು ಕಿಸೆ ಹೊಲಿಯಲು ಹತ್ತು ನಿಮಿಷ ಸಾಕು.

ಬೇರೆಯವರ ಲಕೋಟೆ, ಪೊಟ್ಟಣ, ಹಣದ ಕಟ್ಟು ಒಯ್ಯಬೇಡಿ. "ನಮ್ಮ ಮಗನಿಗೆ ಇದೊಂದು ಕವರು ಕೊಟ್ಟುಬಿಡು ಬಾಯಿ" ಎಂದು ಕೇಳಿದಾಗ ಇಲ್ಲ ಅನ್ನುವುದು ಕಷ್ಟ, ನಿಜ. ಆದರೆ ಕಸ್ಟಮ್ಸಿನವರು ತೆರೆದು ನೋಡಿದಾಗ ಉತ್ತರ ಕೊಡಬೇಕಾದವರು ನೀವೇ, ಕೊಟ್ಟವರಲ್ಲ.

ಅಲ್ಲಿ ಇಳಿದ ಮೇಲೆ

ಓಮಾನಿಗೆ ಮಗಳ ಮನೆಗೆ ಹೋದ ನಮ್ಮ ಒಬ್ಬ ಸದಸ್ಯೆ ಹೇಳಿದ್ದು ಕೇಳಿ. ಮೊದಲ ವಾರ ಕೆಳಗಿನ ಅಂಗಡಿಗೆ ಹೋಗಿ ಕೊತ್ತಂಬರಿ ಸೊಪ್ಪು ತಗೊಂಡು 5 ರಿಯಾಲಿನ ನೋಟು ಕೊಟ್ಟರಂತೆ. "ಐದೇ ತಾನೆ" ಅಂತ ಚಿಲ್ಲರೆಗೆ ಕಾಯದೆ ಮನೆಗೆ ಬಂದರು. ಮಗಳು ಲೆಕ್ಕ ಹೇಳಿದಾಗ ತಲೆ ಮೇಲೆ ಕೈ ಹೊತ್ತು ಕುಳಿತರು. ಅಂಗಡಿಯವನು ಒಳ್ಳೆಯವನು, ಸಂಜೆ ಚಿಲ್ಲರೆ ತಂದು ಕೊಟ್ಟ. ಎಲ್ಲರೂ ಹಾಗಿರುವುದಿಲ್ಲ.

ಓಮಾನಿನ ಒಂದು ರಿಯಾಲ್ ಅಂದರೆ 2.6 ಡಾಲರ್. ರೂಪಾಯಿಯಲ್ಲಿ ಇನ್ನೂರಕ್ಕೂ ಮೇಲೆ. ಬಹ್ರೇನಿನ ದಿನಾರ್, ಕುವೈತಿನ ದಿನಾರ್ ಕೂಡ ಹಾಗೇ, ಒಂದೊಂದೂ ಡಾಲರಿಗಿಂತ ದೊಡ್ಡದು. ಈ ಮೂರು ದೇಶಗಳಲ್ಲಿ ಒಂದರಲ್ಲಿ ನೂರು ಭಾಗವಲ್ಲ, ಸಾವಿರ ಭಾಗ. ಒಂದು ದಿನಾರಿಗೆ 1,000 ಫಿಲ್ಸ್, ಒಂದು ರಿಯಾಲಿಗೆ 1,000 ಬೈಸ. ಯುಎಇ, ಸೌದಿ, ಕತಾರಿನಲ್ಲಿ ನೂರು ಭಾಗ. ಸೌದಿಯಲ್ಲೂ ರಿಯಾಲ್, ಓಮಾನಿನಲ್ಲೂ ರಿಯಾಲ್, ಹೆಸರು ಒಂದೇ, ಬೆಲೆ ಒಂದು ಒಂಬತ್ತು ಪಟ್ಟಿಗಿಂತಲೂ ಬೇರೆ. ಹೆಸರು ಕೇಳಿ ಮೋಸ ಹೋಗಬೇಡಿ. ಒಂದು ಚೀಟಿಯಲ್ಲಿ 1, 5, 10, 20, 50 – ಇಷ್ಟಕ್ಕೆ ರೂಪಾಯಿ ಎಷ್ಟು ಎಂದು ಬರೆದು ಪರ್ಸಿನಲ್ಲಿ ಇಟ್ಟುಕೊಳ್ಳಿ. ಎರಡು ವಾರದಲ್ಲಿ ಚೀಟಿ ಬೇಡವಾಗುತ್ತದೆ.

ಕಾರ್ಡು ಇರುವವರಿಗೆ ಒಂದು ಮಾತು. ಎಟಿಎಮ್ಮಿನಲ್ಲಿ ಅಥವಾ ಅಂಗಡಿಯಲ್ಲಿ ನಮ್ಮ ಭಾರತದ ಕಾರ್ಡು ಹಾಕಿದಾಗ "ರೂಪಾಯಿಯಲ್ಲಿ ಕಡಿತ ಮಾಡಲೇ, ದಿರ್ಹಮಿನಲ್ಲಿ ಮಾಡಲೇ?" ಎಂದು ಯಂತ್ರ ಕೇಳುತ್ತದೆ. ರೂಪಾಯಿ ಕಂಡು ನಮಗೆ ಸಮಾಧಾನ ಆಗುತ್ತದೆ, ಅದನ್ನೇ ಒತ್ತುತ್ತೇವೆ. ಒತ್ತಬೇಡಿ. ರೂಪಾಯಿ ಒತ್ತಿದರೆ ಆ ಯಂತ್ರದವರೇ ರೇಟು ಹಾಕುತ್ತಾರೆ, ಅದು ಸಾಮಾನ್ಯವಾಗಿ ನಮಗೆ ನಷ್ಟದ ರೇಟು. ಆ ದೇಶದ ಹಣವನ್ನೇ ಆರಿಸಿ.

ಮನೆಗೆ ಹಣ ಕಳುಹಿಸುವಾಗ

ಈಗ ನಾವು ಹೇಳುವ ವಿಷಯ ನಮಗೂ ನೋವಿನದ್ದು. ಆ ಸಹೋದರಿಯ ಒಪ್ಪಿಗೆ ಪಡೆದು, ಹೆಸರು ಹೇಳದೆ ಹೇಳುತ್ತಿದ್ದೇವೆ.

ಅವರು ಕುವೈತಿಗೆ ಮನೆಕೆಲಸಕ್ಕೆ ಹೊರಟಾಗ ಸಂಘದಿಂದ 40,000 ರೂಪಾಯಿ ಸಾಲ ಕೊಟ್ಟೆವು. ಇಬ್ಬರು ಸದಸ್ಯೆಯರು ಜಾಮೀನು ನಿಂತರು. ಎಲ್ಲ ಕಾಗದ ನೋಡಿದೆವು, ಆದರೆ "ಹಣ ಹೇಗೆ ಕಳುಹಿಸ್ತೀ?" ಎಂದು ಯಾರೂ ಕೇಳಲಿಲ್ಲ. ನಾವೂ ಕೇಳಲಿಲ್ಲ. ಅಲ್ಲಿ ಪರಿಚಯದವರೊಬ್ಬರು, "ಎಕ್ಸ್‌ಚೇಂಜಿಗೆ ಹೋಗಿ ಯಾಕೆ ಕ್ಯೂ ನಿಲ್ತೀ, ನನಗೆ ಕೊಡು, ದಿನಾರಿಗೆ ಎರಡು ರೂಪಾಯಿ ಹೆಚ್ಚಿಗೆ ಊರಲ್ಲಿ ಮನೆಬಾಗಿಲಿಗೆ ತಲುಪಿಸ್ತೇನೆ" ಎಂದರು. ತಿಂಗಳಿಗೆ 75 ದಿನಾರ್ ಕೊಟ್ಟರು. ಐದು ತಿಂಗಳು ಸರಿಯಾಗಿ ಬಂತು. ಬೈಕಿನಲ್ಲಿ ಯಾರೋ ಬಂದು ಅತ್ತೆಯ ಕೈಗೆ ಕೊಟ್ಟು ಹೋಗುತ್ತಿದ್ದ. ಆರನೇ ತಿಂಗಳು ಬರಲಿಲ್ಲ. "ಸ್ವಲ್ಪ ತಡ, ಮುಂದಿನ ತಿಂಗಳು ಎರಡೂ ಸೇರಿ ಬರುತ್ತೆ" ಎಂದರು. ಏಳನೇ ತಿಂಗಳಿನದ್ದೂ ಕೊಟ್ಟರು. ಆಮೇಲೆ ಆ ಫೋನೇ ಬಂದ್.

ಲೆಕ್ಕ ಹಾಕೋಣ. ದಿನಾರಿಗೆ ಎರಡು ರೂಪಾಯಿಯಂತೆ ಐದು ತಿಂಗಳಲ್ಲಿ ಸಿಕ್ಕಿದ ಲಾಭ 750 ರೂಪಾಯಿ. ಕಳೆದುಕೊಂಡದ್ದು 150 ದಿನಾರ್, ಆಗಿನ ರೇಟಿನಲ್ಲಿ ಸುಮಾರು 40,000 ರೂಪಾಯಿ. ಸಂಘದಿಂದ ಪಡೆದ ಸಾಲದಷ್ಟೇ! ದೂರು ಕೊಡಲು ರಸೀದಿ ಇಲ್ಲ. ಅದಕ್ಕಿಂತ ಕಷ್ಟ, ಈ ದಾರಿಯೇ ಕಾನೂನಿಗೆ ವಿರುದ್ಧ. ಇದನ್ನೇ ಹವಾಲ ಅನ್ನುತ್ತಾರೆ, ನಮ್ಮ ಕಡೆ ಹುಂಡಿ ಎಂದೂ ಹೇಳುತ್ತಾರೆ. ವಿದೇಶಿ ವಿನಿಮಯ ಕಾಯಿದೆಯ ಪ್ರಕಾರ ಆ ಹಣದ ಮೂರು ಪಟ್ಟಿನವರೆಗೆ ದಂಡ ಹಾಕಬಹುದು, ಹಣ ಮುಟ್ಟುಗೋಲು ಹಾಕಬಹುದು. ಕಂತು ನಿಂತಾಗ ಜಾಮೀನು ನಿಂತ ಇಬ್ಬರೂ ಬೀಡಿ ಕಟ್ಟಿ, ಹಾಲು ಮಾರಿ ನಾಲ್ಕು ತಿಂಗಳ ಕಂತು ತುಂಬಿದರು. ಆ ಸಹೋದರಿ ಅಲ್ಲಿಂದಲೇ ಸ್ವಲ್ಪ ಸ್ವಲ್ಪವಾಗಿ ಎಲ್ಲ ತೀರಿಸಿದರು. ಆದರೆ ಮನೆಗೆ ಬರುವ ದಿನ ಒಂದು ವರ್ಷ ಮುಂದಕ್ಕೆ ಹೋಯಿತು. ಅವರ ಸಣ್ಣ ಮಗಳು ತಾಯಿಯನ್ನು ಒಂದು ವರ್ಷ ಹೆಚ್ಚಿಗೆ ಕಾದಳು. ಅದರ ರೇಟು ಯಾವ ಬೋರ್ಡಿನಲ್ಲೂ ಬರೆದಿಲ್ಲ.

ಸರಿಯಾದ ದಾರಿ ಕಷ್ಟದ್ದಲ್ಲ. ಅಲ್ಲಿಯ ಪರವಾನಗಿ ಇರುವ ಎಕ್ಸ್‌ಚೇಂಜಿಗೆ ಹೋಗಿ, ಊರಿನ ಬ್ಯಾಂಕ್ ಖಾತೆ ಸಂಖ್ಯೆ, ಐಎಫ್‌ಎಸ್‌ಸಿ ಕೊಟ್ಟು ಕಳುಹಿಸುವುದು. ಹೊರಡುವ ಮೊದಲೇ ಪಾಸ್‌ಬುಕ್ಕಿನ ಮೊದಲ ಪುಟದ ಜೆರಾಕ್ಸ್ ಮಾಡಿ ಜೊತೆಗಿಡಿ. ಖಾತೆ ಇಲ್ಲದವರಿಗೆ ಗುರುತು ಚೀಟಿ ತೋರಿಸಿ ನಗದು ಪಡೆಯುವ ವ್ಯವಸ್ಥೆಯೂ ಇದೆ. ಅದರಲ್ಲಿ ಒಂದು ಸಲಕ್ಕೆ 2,500 ಡಾಲರ್ ಮಿತಿ, ವರ್ಷಕ್ಕೆ 30 ಸಲ, ನಗದಾಗಿ 50,000 ರೂಪಾಯಿವರೆಗೆ. ಆ ಗುಪ್ತ ಸಂಖ್ಯೆಯನ್ನು ಪಡೆಯುವವರಿಗೆ ಬಿಟ್ಟು ಇನ್ಯಾರಿಗೂ ಹೇಳಬಾರದು. ಪ್ರತಿ ರಸೀದಿಯನ್ನೂ ಇಟ್ಟುಕೊಳ್ಳಿ. ವರ್ಷಗಟ್ಟಲೆ ದುಡಿಯಲು ಹೋಗುವವರು ಬ್ಯಾಂಕಿನಲ್ಲಿ ಎನ್‌ಆರ್‌ಇ ಖಾತೆಯ ಬಗ್ಗೆ ಕೇಳಿ. ದುಡಿದ ಹಣ ನಿಮ್ಮ ಹೆಸರಿನಲ್ಲೇ ಉಳಿಯುತ್ತದೆ. ಎಲ್ಲವೂ ಗಂಡನ ಅಥವಾ ತಮ್ಮನ ಖಾತೆಗೇ ಹೋಗಬೇಕೆಂದಿಲ್ಲ!

ಊರಿನಲ್ಲೇ ನಡೆಯುವ ಮೋಸ

ವಿದೇಶಕ್ಕೆ ಹೋಗದವರಿಗೂ ಎಚ್ಚರಿಕೆ ಬೇಕು. ಬಸ್ ನಿಲ್ದಾಣದಲ್ಲಿ ಒಬ್ಬಾತ ಬಂದು 100 ದಿರ್ಹಮಿನ ಒಂದು ನೋಟು ತೋರಿಸುತ್ತಾನೆ. "ಮನೆ ಸ್ವಚ್ಛ ಮಾಡುವಾಗ ಒಂದು ಕಟ್ಟು ಸಿಕ್ಕಿತು, ನಮಗೆ ಓದು ಬರಹ ಇಲ್ಲ, ಅರ್ಧ ಬೆಲೆಗೆ ಕೊಡ್ತೇವೆ" ಎನ್ನುತ್ತಾನೆ. ತೋರಿಸಿದ ನೋಟು ಅಸಲಿಯೇ ಇರುತ್ತದೆ, ಅಂಗಡಿಯಲ್ಲಿ ಪರೀಕ್ಷೆ ಮಾಡಿಸಲೂ ಬಿಡುತ್ತಾನೆ. ಆಮೇಲೆ ಬಟ್ಟೆಯಲ್ಲಿ ಸುತ್ತಿದ ಕಟ್ಟು ಕೊಟ್ಟು ಹಣ ತಗೊಂಡು ಓಡುತ್ತಾನೆ. ಮನೆಗೆ ಬಂದು ಬಿಚ್ಚಿದರೆ ಮೇಲೊಂದು ನೋಟು, ಒಳಗೆಲ್ಲ ಪತ್ರಿಕೆಯ ತುಂಡು. ಕರ್ನಾಟಕದಲ್ಲಿ ಹೀಗೆ ಮೋಸ ಹೋದವರು ಒಬ್ಬಿಬ್ಬರಲ್ಲ. ಹಾಗೆಯೇ "ವಿದೇಶದಿಂದ ನಿಮಗೆ ಡಾಲರಿನ ಪಾರ್ಸೆಲ್ ಬಂದಿದೆ, ಕಸ್ಟಮ್ಸ್ ಶುಲ್ಕ ಕಟ್ಟಿ" ಎಂಬ ಫೋನು. ನಾವು ಕಳುಹಿಸಲು ಹೇಳದ ಪಾರ್ಸೆಲ್ ನಮಗೆ ಬರುವುದಿಲ್ಲ. ಫೋನ್ ಇಡಿ, ಅಷ್ಟೇ.

ಹಿಂದಿರುಗಿ ಬಂದ ಮೇಲೆ

ಅಲ್ಲಿಯ ನಾಣ್ಯಗಳನ್ನು ಅಲ್ಲೇ ಖರ್ಚು ಮಾಡಿ ಬನ್ನಿ, ಇಲ್ಲಿ ಮನಿ ಚೇಂಜರುಗಳು ಸಾಮಾನ್ಯವಾಗಿ ನಾಣ್ಯ ತೆಗೆದುಕೊಳ್ಳುವುದಿಲ್ಲ. ಉಳಿದ ನೋಟುಗಳನ್ನು 180 ದಿನದೊಳಗೆ ಬ್ಯಾಂಕಿಗೆ ಅಥವಾ ಮನಿ ಚೇಂಜರಿಗೆ ಕೊಡಬೇಕು. 2,000 ಡಾಲರ್ ಬೆಲೆಯಷ್ಟನ್ನು ಮುಂದಿನ ಪ್ರಯಾಣಕ್ಕೆ ಇಟ್ಟುಕೊಳ್ಳಲು ಅವಕಾಶ ಇದೆ. ವಿದೇಶಿ ನೋಟು 5,000 ಡಾಲರಿಗಿಂತ ಹೆಚ್ಚು ತರುವುದಾದರೆ ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸಿಗೆ ಬರೆದು ತಿಳಿಸಬೇಕು.

ರೂಪಾಯಿಯನ್ನೂ ಅಲ್ಲಿ ಮರೆತು ಇಡಬೇಡಿ. 2016ರ ನವೆಂಬರಿನಲ್ಲಿ ಹಳೆಯ 500, 1,000ದ ನೋಟು ನಿಂತಾಗ, ಗಲ್ಫಿನ ಪೆಟ್ಟಿಗೆಗಳಲ್ಲಿ "ಊರಿಗೆ ಹೋಗುವಾಗ ಬೇಕು" ಅಂತ ಇಟ್ಟಿದ್ದ ನೋಟುಗಳಿಂದ ಎಷ್ಟು ಮಂದಿ ಪರದಾಡಿದರು! 2023ರಲ್ಲಿ 2,000ದ ನೋಟನ್ನೂ ಹಿಂದಕ್ಕೆ ಪಡೆದರು. ಟ್ಯಾಕ್ಸಿಗೆ, ಬಸ್ಸಿಗೆ ಬೇಕಾದಷ್ಟು ಸಣ್ಣ ನೋಟು ಇದ್ದರೆ ಸಾಕು.

ಸಂಘದಲ್ಲಿ ಮಾಡಬೇಕಾದದ್ದು

ಕೊನೆಯದಾಗಿ ಒಂದು ವಿನಂತಿ. ವಿದೇಶಕ್ಕೆ ಹೋಗಲು ಯಾರಾದರೂ ಸಾಲ ಕೇಳಿದರೆ, ಠರಾವು ಬರೆಯುವ ಮೊದಲು ಈ ಐದು ಪ್ರಶ್ನೆ ಕೇಳಿ, ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಯಿರಿ:

• ಏಜೆಂಟರಿಗೆ ಎಷ್ಟು ಕೊಟ್ಟಿರಿ, ರಸೀದಿ ಇದೆಯೇ? (ಸರಕಾರದ ನೋಂದಣಿ ಇರುವ ಏಜೆಂಟರು ಸೇವಾ ಶುಲ್ಕವಾಗಿ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚು ಪಡೆಯುವಂತಿಲ್ಲ.)
• ಕೈಯಲ್ಲಿ ಎಷ್ಟು ಹಣ ಒಯ್ಯುತ್ತೀರಿ, ಎಲ್ಲಿ ಬದಲಾಯಿಸಿದಿರಿ, ಬಿಲ್ಲು ಇದೆಯೇ?
• ಸಂಬಳ ಯಾವ ಹಣದಲ್ಲಿ, ರೂಪಾಯಿಯಲ್ಲಿ ಎಷ್ಟಾಗುತ್ತದೆ?
• ಮನೆಗೆ ಹಣ ಯಾವ ದಾರಿಯಲ್ಲಿ ಕಳುಹಿಸುತ್ತೀರಿ, ಯಾರ ಖಾತೆಗೆ?
• ಕಂತು ಯಾರು, ಯಾವ ದಿನ ತಂದು ಕಟ್ಟುತ್ತಾರೆ?

ಇದು ಅನುಮಾನದ ಪ್ರಶ್ನೆ ಅಲ್ಲ, ಅಕ್ಕತಂಗಿಯರು ಕೇಳುವ ಪ್ರಶ್ನೆ. ಅಂದು ನಾವು ನಾಲ್ಕನೆಯ ಪ್ರಶ್ನೆ ಒಂದನ್ನು ಕೇಳಿದ್ದರೆ ಆ ಮಗಳು ಒಂದು ವರ್ಷ ಮೊದಲೇ ತಾಯಿಯನ್ನು ನೋಡುತ್ತಿದ್ದಳು.

ಮುಂದಿನ ವಾರದ ಸಭೆಯಲ್ಲಿ ಈ ಕರಪತ್ರವನ್ನು ಓದು ಬರುವ ಒಬ್ಬರು ಗಟ್ಟಿಯಾಗಿ ಓದಿ. ಗಲ್ಫಿನಲ್ಲಿ ಇದ್ದು ಬಂದವರು ತಮ್ಮ ಅನುಭವ ಸೇರಿಸಿ. ರೇಟಿನ ಲೆಕ್ಕವನ್ನು ಸ್ಲೇಟಿನಲ್ಲಿ ಒಂದು ಸಲ ಮಾಡಿ ನೋಡಿ, ಬರುತ್ತದೆ. ಸಾಲದ ಬಡ್ಡಿ ಬಾಯಿಲೆಕ್ಕದಲ್ಲಿ ಹೇಳುವವರಿಗೆ ಇದೇನು ಮಹಾ?